ಐಟಿಐ ಮುಗಿಯಿತು, ಅಪ್ರೆಂಟಿಸ್ ಸೇರುವುದು ಹೇಗೆ?

ಐಟಿಐ ಪಾಸಾದವರನ್ನು ಸಂದರ್ಶನಕ್ಕೆ ಕರೆದವರು ಮೊದಲು ಕೇಳುವುದೇ ‘ಅನುಭವ ಇದೆಯಾ?’ ಎಂದು. ಆ ಅನುಭವ ಗಳಿಸಲು ಇರುವ ನೇರ ದಾರಿ ಅಪ್ರೆಂಟಿಸ್‌ಶಿಪ್, ಅಂದರೆ ಕಂಪನಿಯಲ್ಲಿ ಸ್ಟೈಪೆಂಡ್ (ತಿಂಗಳ ಭತ್ಯೆ) ಪಡೆಯುತ್ತಲೇ ಕೆಲಸ ಕಲಿಯುವ ತರಬೇತಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ, ಗುತ್ತಿಗೆಯವರೂ ಸೇರಿ 30 ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಹಾಗಾಗಿ ಪೀಣ್ಯದ ಕಾರ್ಖಾನೆಯ ಗೇಟಿನಲ್ಲಿ ವಿಚಾರಿಸಲು ಸಂಕೋಚ ಬೇಡ.

ದಾಖಲೆ ಸರಿಪಡಿಸಿ, ನೋಂದಾಯಿಸಿ

ಕೇಂದ್ರದ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲಿನಲ್ಲಿ ನೋಂದಣಿ ಉಚಿತ. ಅದಕ್ಕೂ ಮೊದಲು ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಐಟಿಐ ಪ್ರಮಾಣಪತ್ರ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಇನಿಷಿಯಲ್ ಒಂದರಲ್ಲಿ ಹೆಸರಿನ ಹಿಂದೆ, ಇನ್ನೊಂದರಲ್ಲಿ ಮುಂದೆ ಇದ್ದರೆ ಈಗಲೇ ತಿದ್ದಿಸಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿ. ಕೇಂದ್ರದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಡಿ (ಎನ್‌ಎಪಿಎಸ್) ಸ್ಟೈಪೆಂಡ್‌ನಲ್ಲಿ ಸರ್ಕಾರ ಕೊಡುವ ಪಾಲು ನೇರವಾಗಿ ಆ ಖಾತೆಗೇ ಬರುತ್ತದೆ.

ಕಂಪನಿ ಆರಿಸಿ

ದೊಡ್ಡ ಬೋರ್ಡಿಗೆ ಮರುಳಾಗಬೇಡಿ. ಯಾವ ಯಂತ್ರದ ಮೇಲೆ ಕೆಲಸ, ಕಲಿಸುವವರು ಯಾರು, ಡ್ರಾಯಿಂಗ್ ಓದಲು ಕೊಡುತ್ತಾರೆಯೇ ಎಂದು ಕೇಳಿ. ವರ್ಷವಿಡೀ ಪ್ಯಾಕಿಂಗ್ ಮಾಡಿಸುವ ದೊಡ್ಡ ಕಂಪನಿಗಿಂತ, ಲೇತ್ (ಲೋಹವನ್ನು ತಿರುಗಿಸಿ ಕೊರೆಯುವ ಯಂತ್ರ) ಮುಟ್ಟಲು ಬಿಡುವ ಸಣ್ಣ ವರ್ಕ್‌ಶಾಪೇ ಮೇಲು.

ಒಪ್ಪಂದ ಓದಿ ಸಹಿ ಹಾಕಿ

ಟ್ರೇಡ್, ಅವಧಿ, ಸ್ಟೈಪೆಂಡ್ ಮೂರನ್ನೂ ನೋಡಿಕೊಳ್ಳಿ. ಐಟಿಐ ಆದವರಿಗೆ 2019ರ ನಿಯಮದಲ್ಲಿ ತಿಂಗಳಿಗೆ ಕನಿಷ್ಠ 7,000 ರೂಪಾಯಿ ನಿಗದಿಯಾಗಿತ್ತು. ಸೇರುವಾಗ ಜಾರಿಯಲ್ಲಿರುವ ಮೊತ್ತವನ್ನು ಪೋರ್ಟಲಿನಲ್ಲಿ ಪರಿಶೀಲಿಸಿ. ಒಪ್ಪಂದ ಅಲ್ಲಿ ನೋಂದಣಿಯಾಗದಿದ್ದರೆ ನಿಮ್ಮ ದುಡಿಮೆ ಅಪ್ರೆಂಟಿಸ್‌ಶಿಪ್ ಎಂದು ಲೆಕ್ಕಕ್ಕೆ ಬರುವುದಿಲ್ಲ. ಅವಧಿ ಮುಗಿದ ಮೇಲೆ ಅದೇ ಕಂಪನಿ ಕೆಲಸ ಕೊಡಲೇಬೇಕೆಂದಿಲ್ಲ, ಇದೂ ಗೊತ್ತಿರಲಿ.

ದಿನಚರಿ ಬರೆಯಿರಿ

ಎಲ್ಲಕ್ಕಿಂತ ಮುಖ್ಯ ಇದು. ‘ಟರ್ನಿಂಗ್ ಮಾಡಿದೆ’ ಎಂದಷ್ಟೇ ಬರೆದರೆ ಸಾಲದು. 25 ಮಿ.ಮೀ. ಶಾಫ್ಟ್ (ಉರುಟು ದಂಡ) ಎಷ್ಟು ಅಳತೆಗೆ ಬಂತು, ಯಾವ ಟೂಲ್, ಎಷ್ಟು ಸ್ಪೀಡ್, ರಿಜೆಕ್ಟ್ ಆಗಿದ್ದರೆ ಯಾಕೆ ಎಂದು ಬರೆಯಿರಿ. ಲೇತಿನಿಂದ ಆಗಷ್ಟೇ ಇಳಿಸಿದ ಬಿಸಿ ಶಾಫ್ಟ್ ಅಳೆದರೆ ಅಳತೆ ಹೆಚ್ಚು ತೋರಿಸುತ್ತದೆ, ತಣ್ಣಗಾಗಲು ಬಿಡಿ. ಅಳೆಯುವ ಮೈಕ್ರೋಮೀಟರಿನ ಥಿಂಬಲನ್ನೇ (ತಿರುಗುವ ಕೊಳವೆ) ಹಿಡಿದು ಬಿಗಿದರೆ ಕಡಿಮೆ ತೋರಿಸುತ್ತದೆ. ಅದರ ತುದಿಯ ಸಣ್ಣ ಗುಬ್ಬಿ, ರಾಚೆಟ್ ತಿರುಗಿಸಿ, ಅದು ಟಿಕ್ ಟಿಕ್ ಎಂದ ಮೇಲೆ ಓದಿ. ಇಂಥ ಸಂಗತಿಗಳು ತುಂಬಿದ ಪುಸ್ತಕವನ್ನು ಸೂಪರ್‌ವೈಸರ್‌ಗೆ ಕೊಟ್ಟು ವಾರಕ್ಕೊಮ್ಮೆ ಸಹಿ ಹಾಕಿಸಿಕೊಳ್ಳಿ. ಸಂದರ್ಶನದಲ್ಲಿ ಅದನ್ನು ಮೇಜಿನ ಮೇಲೆ ಇಟ್ಟರೆ ಮಾತು ಅಂಕಪಟ್ಟಿಯಿಂದ ಕೆಲಸದ ಕಡೆಗೆ ಹೊರಳುತ್ತದೆ.

ಅಪ್ರೆಂಟಿಸ್‌ಶಿಪ್ ಸಲಹೆಗಾರರ (ಈ ಕಾಯ್ದೆಯಡಿಯ ಸರ್ಕಾರಿ ಅಧಿಕಾರಿ) ಅನುಮತಿ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. ಕೆಲಸದಲ್ಲಿ ಗಾಯವಾದರೆ ಪರಿಹಾರ ಕೊಡುವ ಹೊಣೆ ಕಂಪನಿಯದು.

ಕೊನೆಯ ಪರೀಕ್ಷೆ

ಅವಧಿ ಮುಗಿಯುವ ಮೊದಲೇ ಟ್ರೇಡ್ ಪರೀಕ್ಷೆಯ ದಿನಾಂಕ ವಿಚಾರಿಸಿ, ಅರ್ಜಿ ಹೋಗಿದೆಯೇ ಎಂದು ಎಚ್‌ಆರ್ ಬಳಿ ಖಚಿತಪಡಿಸಿಕೊಳ್ಳಿ. ಪಾಸಾದರೆ ಸಿಗುವುದು ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ. ಅದು ದೇಶದಾದ್ಯಂತ ಮಾನ್ಯ. ರೈಲ್ವೆಯ ಲೆವೆಲ್ 1 (ಅತಿ ಕೆಳಹಂತದ ಹುದ್ದೆಗಳ) ನೇಮಕಾತಿಯಲ್ಲಿ, ರೈಲ್ವೆ ಘಟಕಗಳಲ್ಲೇ ಅಪ್ರೆಂಟಿಸ್ ಮುಗಿಸಿದವರಿಗೆ ಶೇ 20ರಷ್ಟು ಹುದ್ದೆ ಮೀಸಲಿವೆ. ಆ ಕಡೆ ಆಸೆಯಿದ್ದವರು ನೈರುತ್ಯ ರೈಲ್ವೆಯ ಹುಬ್ಬಳ್ಳಿ, ಮೈಸೂರು ವರ್ಕ್‌ಶಾಪ್‌ಗಳ ಅಧಿಸೂಚನೆಯ ಮೇಲೆ ಕಣ್ಣಿಟ್ಟಿರಿ.