ಒಬ್ಬರ ಕಾಯಿಲೆ ಮನೆಮಂದಿಗೆಲ್ಲ ಅಂಟದಂತೆ

ಮನೆಯಲ್ಲಿ ಒಬ್ಬರಿಗೆ ವಾಂತಿಭೇದಿ ಶುರುವಾದರೆ ಉಳಿದವರು ಮೊದಲು ಹುಡುಕುವುದು ಸ್ಯಾನಿಟೈಸರ್. ಇಲ್ಲಿ ಅದನ್ನು ನಂಬಿ ಕೂರಬೇಡಿ. ವಾಂತಿಭೇದಿ ತರುವ ನೊರೊವೈರಸ್ ಸ್ಯಾನಿಟೈಸರಿನಲ್ಲಿರುವ ಸ್ಪಿರಿಟ್ಟಿಗೆ ಸುಲಭವಾಗಿ ಜಗ್ಗುವುದಿಲ್ಲ. ಸೋಪು ಹಚ್ಚಿ 20 ಸೆಕೆಂಡಾದರೂ ಉಜ್ಜಿ, ಹರಿಯುವ ನೀರಲ್ಲಿ ತೊಳೆಯಬೇಕು. ಅಲ್ಲೂ ಒಂದು ಎಡವಟ್ಟಾಗುತ್ತದೆ. ಕೊಳೆಗೈಯಲ್ಲೇ ನಲ್ಲಿ ತಿರುಗಿಸಿ, ಚೊಕ್ಕಟವಾಗಿ ಕೈ ತೊಳೆದು, ಮತ್ತೆ ಅದೇ ತಿರುಪನ್ನು ಹಿಡಿದು ನಿಲ್ಲಿಸುತ್ತೇವೆ. ಕೈಗೆ ಸೋಪು ಹಚ್ಚುವಾಗಲೇ ತಿರುಪಿಗೂ ನೊರೆ ಸವರಿ ತೊಳೆದುಬಿಡಿ.

ನೆಲದ ಮೇಲಿನ ವಾಂತಿಗೆ ನೀರು ಸುರಿದು ಪೊರಕೆ ಆಡಿಸಲೇಬೇಡಿ, ಸಿಡಿದ ಹನಿಯಲ್ಲೇ ರೋಗವಿರುತ್ತದೆ. ಕೈಗವಸು, ಮಾಸ್ಕ್ ಹಾಕಿಕೊಂಡು ಹಳೇ ಕಾಗದ ಹೊದಿಸಿ ಹೀರಿಸಿ. ಅಂಚಿನಿಂದ ನಡುವಿಗೆ ಬಳಿದು ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಆಮೇಲೆ ಸೋಪುನೀರಲ್ಲಿ ಒರೆಸಿ, ಕೊನೆಗೆ ಬ್ಲೀಚ್. ಶೇ 5ರ ದ್ರಾವಣವಾದರೆ ಒಂದು ಲೀಟರ್ ತಣ್ಣೀರಿಗೆ 20 ಮಿ.ಲೀ. ಸಾಕು, ಸವರಿ ಹತ್ತು ನಿಮಿಷ ಒದ್ದೆಯಾಗಿಯೇ ಬಿಡಿ. ಕೊಳೆ ತೆಗೆಯದೆ ಬ್ಲೀಚ್ ಹಾಕಿದರೆ ಅದರ ಕಸುವೆಲ್ಲ ಕೊಳೆಯ ಮೇಲೇ ತೀರಿಹೋಗುತ್ತದೆ. ಬ್ಲೀಚಿಗೆ ಆಸಿಡ್ಡಾಗಲಿ ಟಾಯ್ಲೆಟ್ ಕ್ಲೀನರ್ ಆಗಲಿ ಬೆರೆಸಬೇಡಿ, ಏಳುವುದು ವಿಷದ ಕ್ಲೋರಿನ್ ಅನಿಲ. ಕಲಸಿದ ನೀರು ಆ ದಿನಕ್ಕೆ ಮಾತ್ರ. ಒರೆಸಿದ ಬಟ್ಟೆ ಅಡುಗೆಮನೆಯತ್ತ ಸುಳಿಯಬಾರದು.

ವಾಂತಿ ನಿಂತು ಮೈ ಹಗುರಾಯಿತೆಂದು ರೋಗಿ ಒಲೆಯ ಮುಂದೆ ನಿಲ್ಲುವುದೂ ಬೇಡ. ಕನಿಷ್ಠ 48 ಗಂಟೆ ಅಡುಗೆ ಬೇರೆಯವರದಾಗಲಿ. ಮಲದಲ್ಲಿ ವೈರಸ್ ಎರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಬರುತ್ತಿರುತ್ತದೆ. ಕೈತೊಳೆಯುವ ಶಿಸ್ತು ಅಲ್ಲಿಯವರೆಗೂ ಸಡಿಲವಾಗಬಾರದು.

ಫ್ಲೂ ದಾರಿಯೇ ಬೇರೆ. ಲಕ್ಷಣ ಕಾಣುವ ಹಿಂದಿನ ದಿನವೇ ಅದು ಇನ್ನೊಬ್ಬರಿಗೆ ದಾಟಬಲ್ಲದು. ಕೆಮ್ಮು ಬಂದರೆ ಅಂಗೈಗೆ ಬದಲು ಮೊಣಕೈ ಮಡಿಕೆ ಅಡ್ಡ ಹಿಡಿಯಿರಿ, ಎದುರುಬದುರಿನ ಕಿಟಕಿ ತೆರೆಯಿರಿ. ದಡಾರವಂತೂ ಗಾಳಿಯದು: ರೋಗಿ ಕೋಣೆಯಿಂದ ಎದ್ದುಹೋದ ಮೇಲೂ ಎರಡು ಗಂಟೆಯವರೆಗೆ ಅಲ್ಲಿನ ಗಾಳಿ ಸೋಂಕು ತಗುಲಿಸಬಲ್ಲದು. ಅದಕ್ಕೆ ನೆಲ ಒರೆಸಿ ಫಲವಿಲ್ಲ, ಲಸಿಕೆಯೇ ಬೇಕು. ಸೀತಾಳೆಸಿಡುಬಿನಲ್ಲಿ ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಮಗುವನ್ನು ಶಾಲೆಗೆ ಕಳಿಸಬೇಡಿ.

ಇನ್ನು ಕೆಂಗಣ್ಣು. ಕಣ್ಣಲ್ಲಿ ಕಣ್ಣಿಟ್ಟು ನೋಡಿದರೇ ಅಂಟುತ್ತದೆ ಅನ್ನುವುದು ಬರೀ ಸುಳ್ಳು. ರೋಗಿಗೆ ತಂಪುಕನ್ನಡಕ ಹಾಕಿಸಿಯೂ ಮುಖ ಒರೆಸಲು ಮನೆಮಂದಿಗೆಲ್ಲ ಒಂದೇ ಟವೆಲ್ ಕೊಟ್ಟರೆ ಬಾರದೇ ಇರುತ್ತದೆಯೇ?