ಪ್ರೈಮರಿ ಸ್ಕೂಲಲ್ಲಿ ಸೋಶಿಯಲ್ ವರ್ಕರ್ ಆಗಿ ಸೇರ್ಕೊಂಡ್ರಾ? ಮೊದ್ಲು ಆ ರೂಮಿಂದ ಈಚೆ ಬನ್ನಿ

ಎಂಎಸ್‌ಡಬ್ಲ್ಯೂ, ಅಂದ್ರೆ ಸೋಶಿಯಲ್ ವರ್ಕ್‌ನಲ್ಲಿ ಮಾಸ್ಟರ್ಸ್ ಡಿಗ್ರಿ, ಮುಗಿಸ್ಕೊಂಡು ಬೆಂಗಳೂರಲ್ಲಿ ಯಾವ್ದೋ ಸ್ಕೂಲಿಗೋ ಎನ್‌ಜಿಒ ಕಡೆಯಿಂದ್ಲೋ ಸೋಶಿಯಲ್ ವರ್ಕರ್ ಅಂತ ಸೇರ್ಕೊಂಡಿರ್ತೀರ, ಹೆಡ್‌ಮಿಸ್ ಒಂದು ರೂಮ್ ತೋರ್ಸಿ ಇದು ನಿಮ್ದು ಅಂತಾರೆ, ಅರ್ಧ ರೂಮಲ್ಲಿ ಮುರಿದ ಬೆಂಚು, ಹಳೇ ಚಾರ್ಟು. ಬಾಗಿಲಿಗೆ ಕೌನ್ಸೆಲಿಂಗ್ ಅಂತ ಬೋರ್ಡ್ ಮಾತ್ರ ಹಾಕ್ಬೇಡಿ. ಹಾಕಿದ್ರೆ ವಾರದೊಳಗೆ ಯಾರಾದ್ರೂ ಮಿಸ್ "ಜಾಸ್ತಿ ಆಡಿದ್ರೆ ಆ ಅಕ್ಕನ ಹತ್ರ ಕಳಿಸ್ಬಿಡ್ತೀನಿ ನೋಡು" ಅಂತ ಹೆದರ್ಸೋಕೆ ಶುರು ಮಾಡ್ತಾರೆ, ಅಲ್ಲಿಗೆ ಮುಗೀತು ಕತೆ. ಒಂದರಿಂದ ಐದನೇ ಕ್ಲಾಸ್ ಮಕ್ಕಳು ಕುರ್ಚಿ ಮೇಲೆ ಕೂತು ಮನಸು ಬಿಚ್ಚಿ ಮಾತಾಡಲ್ಲ ರೀ, ಆಡ್ತಾ, ಜಗಳ ಮಾಡ್ಕೊಳ್ತಾ, ಊಟದ ಕ್ಯೂನಲ್ಲಿ ತಳ್ಳಾಡ್ತಾನೇ ಅವ್ರು ಕಲಿಯೋದು, ಹಾಗಾಗಿ ನಿಮ್ಮ ಮುಕ್ಕಾಲು ಕೆಲಸಾನೂ ಅಲ್ಲೇ.

ಶುರುನಲ್ಲಿ ಏನೂ ಮಾಡೋಕೆ ಹೋಗ್ಬೇಡಿ, ಸುಮ್ನೆ ನೋಡಿ. ಬೆಳಿಗ್ಗೆ ಗೇಟ್ ಹತ್ರ ನಿಂತ್ಕೊಳ್ಳಿ, ಯಾರು ಒಬ್ರೇ ಬರ್ತಾರೆ, ಯಾರು ತಮ್ಮನ್ನೋ ತಂಗಿನೋ ಎಳ್ಕೊಂಡು ಲೇಟಾಗಿ ಬರ್ತಾರೆ ನೋಡಿ. ಸರ್ಕಾರಿ ಸ್ಕೂಲ್ ಆದ್ರೆ ಕ್ಷೀರಭಾಗ್ಯದ ಹಾಲು ಕೊಡೋವಾಗ, ಬಿಸಿಯೂಟ ಬಡಿಸೋವಾಗ ಇರಿ, ತಟ್ಟೆ ಹಿಡ್ಕೊಂಡು ಎಲ್ಲಿ ಕೂರೋದು ಅಂತ ಸುತ್ತ ನೋಡ್ತಾ ನಿಲ್ಲೋ ಮಗು ಒಂದು ಇದ್ದೇ ಇರುತ್ತೆ, ಆ ಮಗು ಬಗ್ಗೆ ಯಾವ ಮಿಸ್ಸೂ ನಿಮಗೆ ಕಂಪ್ಲೇಂಟ್ ಹೇಳಿರಲ್ಲ. ಕಂಪ್ಲೇಂಟ್ ಬರೋದು ಹೊಡೆದಾಡೋ ಮಕ್ಕಳ ಮೇಲೆ ಮಾತ್ರ.

ಒಂದು ನೋಟ್‌ಬುಕ್ ಇಟ್ಕೊಳ್ಳಿ. ಗಲಾಟೆ ಆದಾಗ ಮೂರೇ ವಿಷಯ ಬರೀರಿ, ಅದಕ್ಕೆ ಮುಂಚೆ ಏನಾಯ್ತು, ಮಗು ಏನ್ ಮಾಡ್ತು, ಆಮೇಲೆ ಅದಕ್ಕೆ ಏನ್ ಸಿಕ್ತು. ಜೊತೆಗೆ ದಿನ, ಪೀರಿಯಡ್ಡು. ಸೋಮವಾರ ಸೋಮವಾರ ಹೊಟ್ಟೆ ನೋವು ಅನ್ನೋ ಮಗು ಇರುತ್ತೆ, ನಾಟಕ ಅಂತ ಎಲ್ರೂ ಅಂತಾರೆ, ಆದ್ರೆ ಈ ವಯಸ್ಸಲ್ಲಿ ಹೆದ್ರಿಕೆ ಹೊಟ್ಟೆ ನೋವಾಗಿ ಬರೋದು ತುಂಬಾ ಮಾಮೂಲಿ, ನೋವು ನಿಜಾನೇ. ನೋಟ್‌ಬುಕ್ ತಿರುವಿ ಹಾಕಿದ್ರೆ ಸೋಮವಾರ ಡಿಕ್ಟೇಷನ್ ಇರುತ್ತೋ, ಭಾನುವಾರ ಮನೇಲಿ ಕುಡಿದು ಗಲಾಟೆ ಆಗಿರುತ್ತೋ ಗೊತ್ತಾಗುತ್ತೆ. ಹಂಗಂತ ಡಾಕ್ಟರ್‌ಗೆ ತೋರಿಸ್ದೆ ಬಿಡೋದಲ್ಲ. ಅದೇ ಥರ, ಹೇಳಿದ್ ಮಾತೇ ಕೇಳಲ್ಲ ಅಂತ ಒಂದು ಮಗು ಮೇಲೆ ಕಂಪ್ಲೇಂಟ್ ಬಂದ್ರೆ ಮೊದ್ಲು ಕಿವಿ ಟೆಸ್ಟ್ ಮಾಡ್ಸಿ, ಬೋರ್ಡ್ ನೋಡಿ ಬರೀದೆ ಇದ್ರೆ ಕಣ್ಣು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸರ್ಕಾರಿ ಶಾಲೆಗಳಿಗೆ ಡಾಕ್ಟರ್ ಟೀಮ್ ಬಂದು ಚೆಕ್ ಮಾಡುತ್ತೆ, ಆ ದಿನ ಈ ಮಕ್ಕಳು ಆಬ್ಸೆಂಟ್ ಆಗ್ದಂಗೆ ನೋಡ್ಕೊಳ್ಳಿ.

ಈಗ ಗ್ರೂಪ್ ಕೆಲಸ, ನನಗೆ ತುಂಬಾ ಇಷ್ಟವಾದ ಭಾಗ. ದುಬಾರಿ ಕಿಟ್ ಏನೂ ಬೇಡ, ನಾಲ್ಕು ಕವಡೆ, ಒಂದು ಸೀಮೆಸುಣ್ಣ ಸಾಕು, ನೆಲದ ಮೇಲೆ ಚೌಕಾಬಾರ ಬರ್ಕೊಳ್ಳಿ. ನಾಲ್ಕು ಮಕ್ಕಳು ಕೂರ್ಲಿ, ಜಗಳಗಂಟರನ್ನೇ ನಾಲ್ಕೂ ಕೂರಿಸ್ಬೇಡಿ, ಬೇಗ ಸಿಟ್ಟು ಬರೋ ಒಬ್ಬ, ಬಾಯೇ ಬಿಡದ ಒಬ್ಳು, ಸಲೀಸಾಗಿ ಇರೋರು ಇಬ್ರು. ಕಾಯಿ ಇನ್ನೇನು ಹಣ್ಣಾಗುತ್ತೆ ಅನ್ನೋವಾಗ ಪಕ್ಕದವಳು ಹೊಡೀತಾಳೆ, ಇವನು ಕವಡೆ ಎತ್ತಿ ಬಿಸಾಕ್ತಾನೆ. ಆ ಕ್ಷಣಕ್ಕೋಸ್ಕರಾನೇ ನೀವು ಅಲ್ಲಿ ಕೂತಿರೋದು, ಬುದ್ಧಿವಾದ ಶುರು ಮಾಡ್ಬೇಡಿ. "ಕಾಯಿ ಹೋಯ್ತಲ್ಲ, ಉರೀತಿದೆ ಅಲ್ವಾ ಮರಿ? ಎಲ್ಲಿ ಉರೀತಿದೆ?" ಅಂತ ಕೇಳಿ. ಎದೆ ತೋರಿಸ್ತಾರೆ, ಕಿವಿ ತೋರಿಸ್ತಾರೆ, ಕೆಲವ್ರು ಮುಷ್ಟಿ ತೋರಿಸ್ತಾರೆ. "ಹೋಗಿ ನೀರು ಕುಡ್ಕೊಂಡ್ ಬಾ, ನಿನ್ ಟರ್ನ್ ಎಲ್ಲೂ ಹೋಗಲ್ಲ, ಕವಡೆ ನಾನು ಹಿಡ್ಕೊಂಡಿರ್ತೀನಿ" ಅನ್ನಿ, ಅಂದ ಮೇಲೆ ನಿಜವಾಗ್ಲೂ ಹಿಡ್ಕೊಂಡೇ ಇರಿ, ಬೇರೆ ಮಕ್ಕಳು ಎಷ್ಟೇ ಗೋಗರೆದ್ರೂ ಆ ಟರ್ನ್ ದಾಟಿಸ್ಬೇಡಿ. ವಾಪಸ್ ಬಂದ ಮೇಲೆ ಬಿಸಾಕಿದ ಕವಡೆ ಅವನೇ ಹುಡುಕಿ ತರ್ಲಿ. ಅಮೆರಿಕದಲ್ಲಿ 1994ರಲ್ಲಿ ಶುರುವಾದ ಕ್ಯಾಸೆಲ್ ಅನ್ನೋ ಸಂಸ್ಥೆ ಮನಸು, ಒಡನಾಟದ ವಿಷಯದಲ್ಲಿ ಮಕ್ಕಳು ಕಲೀಬೇಕಾದ್ದು ಅಂತ ಐದು ವಿಷಯ ಪಟ್ಟಿ ಮಾಡಿದೆ, ತನ್ನ ಮನಸಲ್ಲಿ ಏನಾಗ್ತಿದೆ ಅಂತ ಗೊತ್ತಾಗೋದು, ಅದನ್ನ ಹಿಡಿತದಲ್ಲಿ ಇಟ್ಕೊಳ್ಳೋದು, ಇನ್ನೊಬ್ರ ಮನಸು ಅರ್ಥ ಮಾಡ್ಕೊಳ್ಳೋದು, ಹೊಂದ್ಕೊಂಡು ಹೋಗೋದು, ಯೋಚ್ನೆ ಮಾಡಿ ನಿರ್ಧಾರ ತಗೊಳ್ಳೋದು. ಟ್ರೈನಿಂಗಲ್ಲಿ ಇದನ್ನ ಪಿಪಿಟಿ ಹಾಕಿ ಅರ್ಧ ದಿನ ಹೇಳ್ತಾರೆ, ಒಂದು ಆಟದಲ್ಲಿ ಐದೂ ಬಂದ್ಹೋಗುತ್ತೆ.

ಬೆಂಗಳೂರಲ್ಲಿ ಇನ್ನೊಂದು ವಿಷಯ ಇದೆ. ರಾಯಚೂರು, ಯಾದಗಿರಿ ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕೆ ಬಂದೋರ ಮಕ್ಕಳು ವರ್ಷದ ಮಧ್ಯದಲ್ಲಿ ಸೇರ್ತಾರೆ, ಅವ್ರು "ಹೌದ್ರೀ" ಅಂದ್ರೆ ಇಡೀ ಕ್ಲಾಸ್ ನಗುತ್ತೆ, ಕನ್ನಡ ಬರೋ ಮಗುನೇ ಕನ್ನಡಕ್ಕೆ ಹೆದ್ರೋ ಹಂಗಾಗುತ್ತೆ. ತಮಿಳು, ತೆಲುಗು, ಉರ್ದು ಮನೆ ಮಕ್ಕಳ ಪಾಡು ಬೇರೆ. ಎಲ್ರೂ ಒಂದೇ ಅಂತ ಅಸೆಂಬ್ಲಿಲಿ ಭಾಷಣ ಮಾಡಿದ್ರೆ ಏನೂ ಆಗಲ್ಲ. ಹೊಸ ಮಗುಗೆ ಒಬ್ಬ ಜೊತೆಗಾರನ್ನ ಕೊಡಿ, ಟಾಯ್ಲೆಟ್ ಎಲ್ಲಿ, ಯಾವ ಮಿಸ್‌ಗೆ ಸಿಟ್ಟು ಜಾಸ್ತಿ, ಇಂಥದ್ದೆಲ್ಲ ಹೇಳ್ಕೊಡೋನು. ಕ್ಲಾಸಲ್ಲಿ ಫಸ್ಟ್ ಬರೋನ್ನ ಆರಿಸ್ಬೇಡಿ, ಸ್ವಲ್ಪ ಹರಟೆಮಲ್ಲ ಆಗಿರ್ಲಿ.

ಟೀಚರ್ಸ್ ಜೊತೆ ಕಿತ್ತಾಡಿದ್ರೆ ನಿಮ್ಮ ಕೆಲಸ ಅಲ್ಲೇ ನಿಂತ್ಹೋಗುತ್ತೆ. ಹೊಡೆಯೋದು, ಮಾನಸಿಕವಾಗಿ ಹಿಂಸೆ ಕೊಡೋದು 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಸೆಕ್ಷನ್ 17ರ ಪ್ರಕಾರ ನಿಷೇಧ, ಅದನ್ನ ಸ್ಪಷ್ಟವಾಗಿ ಹೇಳ್ಲೇಬೇಕು, ಆದ್ರೆ ಸ್ಟಾಫ್ ರೂಮಲ್ಲಿ ಎಲ್ರ ಮುಂದೆ ಬೇಡ. ಬರೀ ಬೇಡ ಅಂದ್ರೂ ಸಾಲಲ್ಲ, ಬದ್ಲು ಏನ್ ಮಾಡ್ಬೇಕು ಅಂತಾನೂ ಕೊಡಿ, ಉದಾಹರಣೆಗೆ ಮೂರನೇ ಪೀರಿಯಡ್‌ಗೆ ಚಡಪಡಿಸೋ ಹುಡುಗನಿಗೆ ಪೀರಿಯಡ್ ಶುರುವಾಗೋ ಮುಂಚೆನೇ ಅಟೆಂಡೆನ್ಸ್ ಬುಕ್ ಆಫೀಸಿಗೆ ಕೊಟ್ಟು ಬರೋ ಕೆಲಸ.

ಮನೆಗೆ ಹೋಗೋದಾದ್ರೆ ಸಂಜೆ ಏಳರ ಮೇಲೆ ಇಲ್ಲಾ ಭಾನುವಾರ, ಗಾರ್ಮೆಂಟ್ಸ್‌ಗೋ ಮನೆಕೆಲಸಕ್ಕೋ ಹೋಗೋ ತಾಯಿ ಮಧ್ಯಾಹ್ನ ಸಿಗಲ್ಲ. ವಠಾರದಲ್ಲಿ ಬಾಗಿಲಲ್ಲೇ ನಿಂತು "ನಿಮ್ಮ ಮಗ ಹಿಂಗ್ ಮಾಡ್ದ" ಅಂತ ಶುರು ಹಚ್ಕೊಂಡ್ರೆ ಪಕ್ಕದ್ಮನೆಯೋರೆಲ್ಲ ಕೇಳಿಸ್ಕೊಳ್ತಾರೆ, ನೀವು ಆಚೆ ಬಂದ ತಕ್ಷಣ ಮಗುಗೆ ಏಟು. ಒಳಗೆ ಕೂತ್ಕೊಂಡು, ಕಾಫಿ ಕೊಟ್ರೆ ಕುಡಿದು, "ಅಕ್ಕಾ, ನಿಮ್ ಮಗ ಚಿಕ್ ಮಕ್ಕಳ್ನ ಎಷ್ಟು ಚೆನ್ನಾಗಿ ನೋಡ್ಕೊಳ್ತಾನೆ ಗೊತ್ತಾ" ಅಂತ ನಿಜವಾಗ್ಲೂ ಕಂಡಿದ್ದು ಒಂದು ಹೇಳಿ. ಮೊದಲ್ನೇ ಸಲ ಅಷ್ಟೇ ಹೇಳಿ ಬಂದ್ರೂ ತಪ್ಪಿಲ್ಲ.

ಗುಟ್ಟಿನ ವಿಷಯ ಹುಷಾರು. ಯಾರಿಗೂ ಹೇಳಲ್ಲ ಅಂತ ಯಾವ ಮಗುಗೂ ಪ್ರಾಮಿಸ್ ಮಾಡ್ಬೇಡಿ, "ನಿಂಗೆ ಯಾರಾದ್ರೂ ನೋವು ಮಾಡ್ತಿದ್ರೆ ನಿನ್ನ ಕಾಪಾಡೋರಿಗೆ ಹೇಳ್ಲೇಬೇಕಾಗುತ್ತೆ" ಅಂತ ಮೊದ್ಲೇ ಹೇಳಿಬಿಡಿ. ಲೈಂಗಿಕ ದೌರ್ಜನ್ಯ ಅಂತ ಗೊತ್ತಾದ್ರೆ 2012ರ ಪೋಕ್ಸೋ ಕಾಯ್ದೆ ಸೆಕ್ಷನ್ 19ರ ಪ್ರಕಾರ ಪೊಲೀಸ್‌ಗೆ ತಿಳಿಸೋದು ಕಡ್ಡಾಯ, ತಿಳಿಸದೇ ಇದ್ರೆ ನಿಮಗೇ ಶಿಕ್ಷೆ ಇದೆ, ಸ್ಕೂಲ್ ಹೆಸರು ಹಾಳಾಗುತ್ತೆ ಅಂತ ಯಾರು ಏನೇ ಹೇಳ್ಲಿ. ಮತ್ತೆ ಮತ್ತೆ ಕೇಳಿ ಮಗುನ ಗೋಳು ಹುಯ್ಕೊಬೇಡಿ, ಅದು ಹೇಳಿದ ಮಾತನ್ನ ಹೇಳಿದ ಹಂಗೇ ಬರ್ಕೊಳ್ಳಿ, ತನಿಖೆ ನಿಮ್ಮ ಕೆಲಸ ಅಲ್ಲ. ಮಕ್ಕಳ ಸಹಾಯವಾಣಿ 1098 ನಿಮಗೆ ಬಾಯಿಪಾಠ ಆಗಿರ್ಬೇಕು. ಊಟ ನಿದ್ದೆ ಬಿಟ್ಟಿರೋ ಮಗು, ತನಗೆ ತಾನೇ ಗಾಯ ಮಾಡ್ಕೊಳ್ಳೋ ಮಗುನ ಆಟ ಆಡಿಸಿ ಸರಿ ಮಾಡೋಕೆ ಹೋಗ್ಬೇಡಿ, ನಿಮ್ಹಾನ್ಸ್‌ನ ಮಕ್ಕಳ ವಿಭಾಗಕ್ಕೆ ಕಳ್ಸಿ, ಆದ್ರೆ ಮೊದಲ್ನೇ ಸಲ ಜೊತೆಗೆ ನೀವೂ ಹೋಗಿ, ಓಪಿಡಿ ಜನ ನೋಡಿ ಎಷ್ಟೋ ಅಪ್ಪ ಅಮ್ಮ ವಾಪಸ್ ಬಂದ್ಬಿಡ್ತಾರೆ. ಫೋನಲ್ಲಿ ಸಲಹೆ ಬೇಕು ಅಂದ್ರೆ ಟೆಲಿಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ 14416 ಇದೆ.

ಕೊನೇದಾಗಿ, ಸೈಟ್ ಕೆಲಸ ಮುಗಿದ್ರೆ ಆ ಬಿಲ್ಡಿಂಗ್ ಕೆಲಸದೋರ ಮಗು ಹೇಳ್ದೆ ಕೇಳ್ದೆ ಹೋಗ್ಬಿಡುತ್ತೆ. ಅದಕ್ಕೆ ಅಂಥ ಮಕ್ಕಳ ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಲಿ ಪ್ರತಿ ವಿದ್ಯಾರ್ಥಿಗೂ ಇರೋ ನಂಬರ್) ಒಂದು ಚೀಟಿಲಿ ಬರೆದು ಅಪ್ಪ ಅಮ್ಮನ ಕೈಗೆ ಮೊದ್ಲೇ ಕೊಟ್ಟಿರಿ, ಅದು ಕೈಲಿದ್ರೆ ಮುಂದಿನ ಸ್ಕೂಲಲ್ಲಿ ಅಡ್ಮಿಷನ್ ಸುಲಭ. ಅದೇ ಚೀಟಿ ಹಿಂದೆ ಆ ಸ್ಕೂಲ್ ಮಿಸ್‌ಗೆ ಅಂತ ಎರಡು ಲೈನ್ ಬರೀರಿ, ಮಗುಗೆ ಏನಿಷ್ಟ, ಸಿಟ್ಟು ಬಂದಾಗ ಏನ್ ಮಾಡಿದ್ರೆ ಸಮಾಧಾನ ಆಗುತ್ತೆ ಅಂತ. ಗುಟ್ಟಿನ ವಿಷಯ ಏನೂ ಬರೀಬೇಡಿ, ಚೀಟಿ ಯಾರ ಕೈಗೆ ಬೇಕಾದ್ರೂ ಹೋಗ್ಬಹುದು.