ಠ್ಯಾಕರೆ ಕಣ್ಣಿಗೆ ಕಂಡ ಕಿತ್ತೂರು

ಬೈಲಹೊಂಗಲ ಕಡೆಯ ನಮ್ಮ ಶಾಲೆಯ ಮಕ್ಕಳಿಗೆ ಕಿತ್ತೂರಿನ ಕಥೆ ಬಾಯಿಪಾಠ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಠ್ಯಾಕರೆ ಸತ್ತ, ಚೆನ್ನಮ್ಮ ಗೆದ್ದಳು. ಚಿತ್ರ ಬಿಡಿಸಿ ಅಂದರೆ ಎಲ್ಲರದ್ದೂ ಒಂದೇ: ಕುದುರೆ, ಕತ್ತಿ, ರಾಣಿ. ಯಾರ ಮನಸ್ಸಲ್ಲಿ ಏನಿತ್ತು ಅಂತ ಕೇಳಿದರೆ ಸುಮ್ನೆ ಮುಖ ನೋಡುತ್ತಿದ್ದರು.

ಒಂದೇ ನಿಯಮ ಇಟ್ಟೆ. ಪಾತ್ರವನ್ನು ಬಿಡಿಸಬೇಡಿ, ಅವರ ಕಣ್ಣಿಗೆ ಕಂಡಿದ್ದನ್ನು ಬಿಡಿಸಿ. ಹಾಳೆ ಮಡಚಿ ಅರ್ಧ ಕೋಟೆಯೊಳಗಿನವರಿಗೆ, ಅರ್ಧ ಹೊರಗಿನ ಠ್ಯಾಕರೆಗೆ. ಮೊದಲು ಗಲಾಟೆಯೇ ಜಾಸ್ತಿ. ಆಮೇಲೆ ಒಬ್ಬಳು ಠ್ಯಾಕರೆಯ ಅರ್ಧದ ತುಂಬ ಮುಚ್ಚಿದ ಬಾಗಿಲನ್ನೇ ಬಿಡಿಸಿದಳು. ಬೇರೇನೂ ಇಲ್ಲ. 'ಒಳಗೆ ಎಷ್ಟು ಜನ ಅಂತ ಅವನಿಗೆ ಕಾಣಲ್ಲ, ಅಲ್ವಾ ಸರ್?' ಅಂದಳು. ಇನ್ನೊಬ್ಬ ಕೂಡಲೇ, 'ಹಂಗಾದ್ರೆ ಅವನಿಗೂ ಅಂಜಿಕೆ ಇತ್ತು' ಅಂದ.

ಬಣ್ಣಕ್ಕೆ ಮಾರ್ಕ್ಸ್ ಕೊಡುವುದನ್ನು ಮಾತ್ರ ಬಿಡಬೇಕಾಯಿತು. ಅದಿದ್ದರೆ ಮತ್ತೆ ಕುದುರೆಯೇ ಬರುತ್ತದೆ.